ಡೀರ್‌ಡ್ರ ಕಥೆಯೋ, ಏಡೀನ್ ಕಥೆಯೋ?

ಐರಿಷ್ ಪುರಾಣದ ಮೇಲೆ ಕಟ್ಟಿದ ಫ್ಯಾಂಟಸಿ ರೊಮ್ಯಾನ್ಸ್ ಓದುವ ಮುಂಚೆ ಒಂದು ಮೂಲ ಕಥೆಯಾದರೂ ಗೊತ್ತಿದ್ದರೆ ರುಚಿಯೇ ಬೇರೆ. ಡೀರ್‌ಡ್ರ, ಏಡೀನ್ ಅನ್ನುವ ಇಬ್ಬರು ನಾಯಕಿಯರ ಕಥೆಗಳಲ್ಲಿ ಯಾವುದು ಮೊದಲು?

ಡೀರ್‌ಡ್ರ ಕಥೆಯಲ್ಲಿ ಮಾಯೆ ಕಡಿಮೆ, ನೋವು ಜಾಸ್ತಿ. ಹಿಮದ ಮೇಲಿನ ಕರುವಿನ ರಕ್ತವನ್ನು ಕಾಗೆ ಕುಡಿಯುವುದನ್ನು ನೋಡಿ, ಅದೇ ಕಪ್ಪು ಕೂದಲು, ಕೆಂಪು ಕೆನ್ನೆ, ಬಿಳಿ ಮೈಯವನು ಬೇಕು ಅನ್ನುತ್ತಾಳೆ. ನೀಶ ಸಿಗುತ್ತಾನೆ. ಅವಳನ್ನು ತಾನೇ ಮದುವೆಯಾಗಬೇಕೆಂದಿದ್ದ ರಾಜನಿಂದ ತಪ್ಪಿಸಿಕೊಂಡು ಇಬ್ಬರೂ ಸ್ಕಾಟ್ಲೆಂಡಿಗೆ ಓಡುತ್ತಾರೆ. ಆಮೇಲೆ ಆ ರಾಜನ ಮೋಸ, ನೀಶನ ಸಾವು. ಅವಳು ಮತ್ತೆ ನಗುವುದೇ ಇಲ್ಲ.

ಏಡೀನ್ ಕಥೆ ಪೂರಾ ಮಾಯಾಲೋಕ. ಪ್ರಿಯಕರ ಮಿದಿರ್‌ನ ಮೊದಲ ಹೆಂಡತಿ ಹೊಟ್ಟೆಕಿಚ್ಚಿನಿಂದ ಅವಳನ್ನು ನೀರಾಗಿಸುತ್ತಾಳೆ, ಆ ನೀರು ಹುಳುವಾಗಿ, ಹುಳು ನೇರಳೆ ನೊಣವಾಗಿ, ಗಾಳಿಯಲ್ಲಿ ವರ್ಷಗಟ್ಟಲೆ ಅಲೆದು, ಒಬ್ಬ ಹೆಂಗಸಿನ ಲೋಟಕ್ಕೆ ಬಿದ್ದು, ಮೊದಲು ಹುಟ್ಟಿದ 1012 ವರ್ಷಗಳ ನಂತರ ಮತ್ತೆ ಹುಡುಗಿಯಾಗಿ ಹುಟ್ಟುತ್ತಾಳೆ. ಮಿದಿರ್ ಆಗಲೂ ಮರೆತಿಲ್ಲ! ಚದುರಂಗದಂಥ ಆಟದಲ್ಲಿ ಅವಳ ಗಂಡನಾದ ರಾಜನನ್ನು ಸೋಲಿಸಿ, ಒಂದು ಅಪ್ಪುಗೆಯನ್ನು ಗೆಲ್ಲುತ್ತಾನೆ. ಅಪ್ಪಿಕೊಂಡ ಇಬ್ಬರೂ ಹಂಸಗಳಾಗಿ ಹಾರಿಹೋಗುತ್ತಾರೆ. ಓದಿದಾಗ ಮೈ ಜುಮ್ಮೆಂದಿತ್ತು.

ಅಳು ಬಂದರೂ ಪರವಾಗಿಲ್ಲ ಅಂದರೆ ಡೀರ್‌ಡ್ರ. ಸುಮ್ನೆ ಒಂದನ್ನೇ ಹೇಳಿ ಅಂದರೆ ನನ್ನ ಓಟು ಏಡೀನ್‌ಗೆ, ಅಷ್ಟು ಕಾಯುವ ಪ್ರೀತಿ ಬೇರೆಲ್ಲೂ ಸಿಕ್ಕಿಲ್ಲ.