ಟ್ವೈಲೈಟ್ ನೋಡಲೋ, ನ್ಯೂ ಮೂನ್ ನೋಡಲೋ?

ಒಂದೇ ಸಂಜೆ ಬಿಡುವಿದ್ದರೆ 2008ರ ‘ಟ್ವೈಲೈಟ್’ ನೋಡಿ. ನಿರ್ದೇಶಕಿ ಕ್ಯಾಥರೀನ್ ಹಾರ್ಡ್‌ವಿಕ್ ಇಡೀ ಚಿತ್ರಕ್ಕೆ ತಣ್ಣನೆಯ ನೀಲಿ-ಹಸಿರು ಛಾಯೆ ಕೊಟ್ಟಿದ್ದಾರೆ. ಮಳೆ, ಮಂಜು, ಒದ್ದೆ ಪಾಚಿ ನಮ್ಮ ಮೈಗೇ ತಾಗಿದಂತಾಗುತ್ತದೆ. ಕೈಯಲ್ಲೇ ಹಿಡಿದ ಕ್ಯಾಮೆರಾ ನಾಯಕಿ ಬೆಲ್ಲಾಳ ಮುಖದ ಹತ್ತಿರವೇ ಸುಳಿದಾಡುತ್ತಾ ಸಣ್ಣಗೆ ನಡುಗುತ್ತದೆ. ಮೊದಲ ಪ್ರೀತಿಯ ತಳಮಳ ಮಾತಿಗಿಂತ ಹೆಚ್ಚಾಗಿ ಆ ನಡುಕದಲ್ಲಿದೆ. ಅವಳು ಪ್ರೀತಿಸುವ ರಕ್ತಪಿಶಾಚಿಯ ಓಟದ ದೃಶ್ಯಗಳು ಮಾತ್ರ ಪೇಲವ, ಒಪ್ಪಲೇಬೇಕು.

ಕ್ರಿಸ್ ವೈಟ್ಸ್ ನಿರ್ದೇಶಿಸಿದ ಮುಂದಿನ ಭಾಗ ‘ನ್ಯೂ ಮೂನ್’ (2009) ಬಣ್ಣವನ್ನೇ ಬದಲಿಸುತ್ತದೆ: ಬೆಚ್ಚನೆಯ ಹೊಂಬಣ್ಣ, ಗ್ರಾಫಿಕ್ಸ್ ತೋಳಗಳು. ನೋಡಲು ಅಚ್ಚುಕಟ್ಟು, ಎದೆಬಡಿತ ಕಡಿಮೆ. ಆದರೂ ಎರಡೂ ಚಿತ್ರಗಳಲ್ಲಿ ನನಗೆ ಅತ್ಯಂತ ಪ್ರಿಯವಾದ ದೃಶ್ಯ ಇದರಲ್ಲೇ ಇದೆ. ಕಿಟಕಿ ಬಳಿ ಕೂತ ಬೆಲ್ಲಾಳ ಸುತ್ತ ಕ್ಯಾಮೆರಾ ತಿರುಗುತ್ತಿದ್ದಂತೆ ಹೊರಗೆ ಅಕ್ಟೋಬರ್, ನವೆಂಬರ್, ಡಿಸೆಂಬರ್ ಸರಿದುಹೋಗುತ್ತವೆ. ವಿರಹದ ಕಥೆ ಬೇಕೆನ್ನುವವರು ಇದನ್ನೇ ಆರಿಸಿಕೊಳ್ಳಿ.