ಚಪಾತಿ ಖಾಲಿ ಮಾಡಿದ ಜಾಗಕ್ಕೆ ನಾಲ್ಕು ಉಮೇದುವಾರರು

ನಮ್ಮ ಮನೆಗೆ ಚಪಾತಿ ಬಂದದ್ದು ಪಥ್ಯದ ನೆಪದಲ್ಲಿ. ಯಜಮಾನರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ವರ್ಷ, ಮೈಸೂರಿನ ಎಷ್ಟೋ ಮನೆಗಳಂತೆ ನಾವೂ ರಾತ್ರಿಯ ಅನ್ನ ಬಿಟ್ಟು ಚಪಾತಿ ಹಿಡಿದೆವು. ಹದಿಮೂರು ವರ್ಷ ದಿನಾ ರಾತ್ರಿ ಲಟ್ಟಿಸಿದೆ. ಅಷ್ಟೂ ವರ್ಷ ನನ್ನ ಹಿಮೋಗ್ಲೋಬಿನ್ ಎಂಟರ ಆಸುಪಾಸಿನಲ್ಲೇ ಕುಳಿತಿತ್ತು. ಕಬ್ಬಿಣದ ಮಾತ್ರೆ ನುಂಗಿದರೂ ಅಷ್ಟೇ, ನುಂಗದಿದ್ದರೂ ಅಷ್ಟೇ. ಹೊಟ್ಟೆಯುಬ್ಬರವನ್ನು ಗ್ಯಾಸ್ ಎಂದೂ ಸುಸ್ತನ್ನು ವಯಸ್ಸು ಎಂದೂ ಕರೆದುಕೊಂಡು ಬ್ಯಾಂಕಿನ ಕೌಂಟರಿನಲ್ಲಿ ದಿನ ತಳ್ಳುತ್ತಿದ್ದೆ. ಕೊನೆಗೊಬ್ಬ ವೈದ್ಯರು ರಕ್ತದಲ್ಲಿ ಟಿಟಿಜಿ ಎಂಬ ಪ್ರತಿಕಾಯದ ಪರೀಕ್ಷೆ ಮಾಡಿಸಿ, ಎಂಡೋಸ್ಕೋಪಿಯಲ್ಲಿ ಸಣ್ಣ ಕರುಳಿನ ಚೂರು ತೆಗೆದು ನೋಡಿ, ಸೀಲಿಯಾಕ್ ಎಂದರು. ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಅಂಟು ಒಳಗೆ ಹೋದೊಡನೆ ದೇಹವೇ ತನ್ನ ಕರುಳಿನ ಒಳಪದರದ ಮೇಲೆ ಯುದ್ಧ ಸಾರುತ್ತದಂತೆ. ಪದರ ಸವೆದ ಮೇಲೆ ಕಬ್ಬಿಣವನ್ನು ಹೀರಿಕೊಳ್ಳುವವರು ಯಾರು? ಗೋಧಿ ಉಣ್ಣುವ ಉತ್ತರ ಭಾರತಕ್ಕೆ ಹೋಲಿಸಿದರೆ ನಮ್ಮ ಕಡೆ ಇದು ವಿರಳ. ಹಾಗಾಗಿ ಯಾರಿಗೂ ಬೇಗ ಅನುಮಾನ ಬರುವುದಿಲ್ಲ.

ಮುಂದಕ್ಕೆ ಹೋಗುವ ಮೊದಲು ಒಂದು ಮಾತು. ನಿಮಗೂ ಇಂಥದ್ದೇ ಅನುಮಾನವಿದ್ದರೆ ಪರೀಕ್ಷೆಗೆ ಮೊದಲೇ ಗೋಧಿ ಬಿಡಬೇಡಿ. ಬಿಟ್ಟರೆ ರಕ್ತದಲ್ಲಿನ ಸುಳಿವು ಅಳಿಸಿಹೋಗಿ, ಕಾಯಿಲೆ ಇದ್ದರೂ ಇಲ್ಲ ಎಂದು ವರದಿ ಬರಬಹುದು.

ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ನನಗೆ ಅಷ್ಟು ತಲೆನೋವಾಗಲಿಲ್ಲ. ಇಡ್ಲಿ, ದೋಸೆ, ಅವಲಕ್ಕಿ, ಅನ್ನ ಇರುವ ನಾಡಿನಲ್ಲಿ ಹುಟ್ಟಿದ್ದೇನೆ. ರವೆ ಉಪ್ಪಿಟ್ಟಿನ ಜಾಗಕ್ಕೆ ನವಣೆ ಉಪ್ಪಿಟ್ಟು ಬಂತು, ಶಾವಿಗೆ ಪಾಯಸದ ಜಾಗಕ್ಕೆ ಹೆಸರುಬೇಳೆಯದು. ರಾತ್ರಿಯ ಚಪಾತಿಯ ಜಾಗ ಮಾತ್ರ ಖಾಲಿ ಉಳಿಯಿತು. ಅದಕ್ಕೆ ನಾಲ್ವರು ಉಮೇದುವಾರರನ್ನು ನಿಲ್ಲಿಸಿದೆ: ಪೊಟ್ಟಣದಲ್ಲಿ ಬರುವ ಗ್ಲುಟೆನ್‌ರಹಿತ ಚಪಾತಿ ಹಿಟ್ಟು, ಅಕ್ಕಿ ರೊಟ್ಟಿ, ರಾಗಿ ಮುದ್ದೆ, ಜೋಳದ ರೊಟ್ಟಿ. ಎಲ್ಲವನ್ನೂ ಸರದಿಯಂತೆ ಆರು ತಿಂಗಳು ತಿಂದೆ. ಆ ಆರು ತಿಂಗಳ ಕೊನೆಯಲ್ಲಿ ನಾನು ಕೊಟ್ಟ ತೀರ್ಪು ಪೂರ್ತಿ ತಪ್ಪಾಗಿತ್ತು. ಯಾಕೆಂದು ಆಮೇಲೆ ಹೇಳುತ್ತೇನೆ.

ಪೊಟ್ಟಣದ ಹಿಟ್ಟಿನಲ್ಲಿ ಇರುವುದು ಮುಖ್ಯವಾಗಿ ಅಕ್ಕಿ ಹಿಟ್ಟು, ಮರಗೆಣಸಿನ ಪಿಷ್ಟ, ಮತ್ತೆ ಅಂಟಿಗೆಂದು ಕ್ಸಾಂಥನ್ ಗಮ್. ಗೋಧಿ ಹಿಟ್ಟಿನಂತೆಯೇ ಕಲಸಬಹುದು, ಹುಷಾರಾಗಿದ್ದರೆ ಲಟ್ಟಿಸಲೂಬಹುದು. ಹಂಚಿನಿಂದ ನೇರ ತಟ್ಟೆಗೆ ಬಿದ್ದರೆ ಕಣ್ಣು ಮುಚ್ಚಿಕೊಂಡು ಚಪಾತಿ ಎಂದೇ ನಂಬಬಹುದು. ಆದರೆ ಆ ನಂಬಿಕೆಯ ಆಯಸ್ಸು ಇಪ್ಪತ್ತು ನಿಮಿಷ. ಆಮೇಲೆ ಅದು ರಟ್ಟು. ಡಬ್ಬಿಗೆ ಹಾಕಿಕೊಂಡು ಹೋದ ದಿನ ಮಧ್ಯಾಹ್ನ ಮಡಿಸಲು ಹೋದರೆ ಬಿಸ್ಕತ್ತಿನಂತೆ ಎರಡಾಯಿತು. ಬೆಲೆಯೂ ಕಡಿಮೆಯಲ್ಲ: ನಾನು ಅರ್ಧ ಕೆ.ಜಿ. ಪೊಟ್ಟಣಕ್ಕೆ ತೆತ್ತ ದುಡ್ಡಿಗೆ ಮೂರು ಕೆ.ಜಿ. ಬಿಳಿ ಜೋಳ ಬರುತ್ತಿತ್ತು. ಬರೀ ಪಿಷ್ಟವಾದ್ದರಿಂದ ಬೆಳಗಿನ ಶೌಚವೂ ತಡವಾಗುತ್ತಿತ್ತು. ಇಷ್ಟೆಲ್ಲ ದೂರಿದರೂ ಮೊದಲ ಸುತ್ತಿನಲ್ಲಿ ಗೆದ್ದದ್ದು ಇದೇ. ಇದನ್ನು ತಿಂದ ರಾತ್ರಿಗಳಲ್ಲಿ ಹೊಟ್ಟೆ ಸುಮ್ಮನಿರುತ್ತಿತ್ತು.

ಅಕ್ಕಿ ರೊಟ್ಟಿಯ ರುಚಿಗೆ ನಾನು ಪಕ್ಷಪಾತಿ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸಬ್ಬಸಿಗೆ ಸೊಪ್ಪು, ಈರುಳ್ಳಿ, ಕಾಯಿತುರಿ, ಹಸಿಮೆಣಸಿನಕಾಯಿ ಹಾಕಿ ಕಲಸಿದ ಹಿಟ್ಟನ್ನು ಬಾಣಲೆಗೆ ಒತ್ತುವಾಗ ಬರುವ ಪರಿಮಳಕ್ಕೆ ಪಕ್ಕದ ಮನೆಯವರೂ ಇಣುಕುತ್ತಾರೆ. ತೊಂದರೆ ಇರುವುದು ಗಡಿಯಾರದಲ್ಲಿ. ತಣ್ಣನೆಯ ಬಾಣಲೆಯಲ್ಲೇ ತಟ್ಟಬೇಕು, ಒಂದು ಬೇಯಲು ಆರೇಳು ನಿಮಿಷ ಬೇಕು, ಇನ್ನೊಂದಕ್ಕೆ ಬಾಣಲೆಯನ್ನು ಮತ್ತೆ ಆರಿಸಬೇಕು. ಎರಡು ಬಾಣಲೆ ಇಟ್ಟುಕೊಂಡು, ಒಂದನ್ನು ನಲ್ಲಿಯಡಿ ಹಿಡಿಯುತ್ತ ಇನ್ನೊಂದನ್ನು ಒಲೆಯ ಮೇಲಿಡುತ್ತ ಆರು ರೊಟ್ಟಿ ಮಾಡುವಷ್ಟರಲ್ಲಿ ವಾರ್ತೆ ಮುಗಿದು ಧಾರಾವಾಹಿಯೂ ಅರ್ಧ ಆಗಿರುತ್ತದೆ. ಎಣ್ಣೆ ಹೆಚ್ಚು, ಯಜಮಾನರ ಸಕ್ಕರೆಗೂ ಒಗ್ಗುವುದಿಲ್ಲ. ಭಾನುವಾರಕ್ಕೆ ಸರಿ.

ರಾಗಿ ಮುದ್ದೆಯದು ಬೇರೆಯೇ ಲೆಕ್ಕ. ಹದ ಗೊತ್ತಿದ್ದವರಿಗೆ ಕಾಲು ಗಂಟೆಯ ಕೆಲಸ. ಎಸರಿಗೆ ಹಿಟ್ಟು ಸುರಿದು, ಮುಚ್ಚಿ ಬೇಯಿಸಿ, ಕೋಲಿನಿಂದ ಗಂಟಿಲ್ಲದಂತೆ ತಿರುವಿದರೆ ಮುಗಿಯಿತು. ಸೀಲಿಯಾಕ್ ಇರುವವರ ಮೂಳೆ ಸೊರಗುವುದುಂಟು, ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ. ಹಾಗಾಗಿ ವೈದ್ಯರಿಗೂ ಅದು ಅಚ್ಚುಮೆಚ್ಚು. ಆದರೆ ಮುದ್ದೆ ಒಂಟಿಯಾಗಿ ಬರುವ ಅತಿಥಿಯಲ್ಲ, ಬಸ್ಸಾರನ್ನೋ ಉಪ್ಪುಸಾರನ್ನೋ ಜೊತೆಗೆ ಕರೆತರುತ್ತದೆ. ಉಳಿದ ಪಲ್ಯ ಇಟ್ಟುಕೊಂಡು ಮುದ್ದೆ ತಿನ್ನಲಾಗದು. ಡಬ್ಬಿಗೂ ಅದು ಆಗದ ಮಾತು. ಅದಕ್ಕಿಂತ ಹೆಚ್ಚಾಗಿ, ಮೊದಲ ಸುತ್ತಿನಲ್ಲಿ ಮುದ್ದೆ ತಿಂದ ಮರುದಿನ ನನಗೆ ಹೊಟ್ಟೆ ಕೆಡುತ್ತಿತ್ತು.

ಜೋಳದ ರೊಟ್ಟಿ ಕಲಿಸಿದ್ದು ಮೇಲಿನ ಮನೆಗೆ ಬಾಡಿಗೆಗೆ ಬಂದ ಗದಗ ಕಡೆಯ ಹೆಣ್ಣುಮಗಳು. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ನಾನು ತಣ್ಣೀರಿನಲ್ಲಿ ಹಿಟ್ಟು ಕಲಸಿ ಲಟ್ಟಣಿಗೆ ಹಿಡಿದದ್ದನ್ನು ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದಳು. "ಹಿಟ್ಟಿನ ಜೊತೆ ಜಗಳ ಬೇಡ ಅಕ್ಕಾ, ಮೊದಲು ನೀರು ಕುದಿಯಲಿ" ಎಂದಳು. ಜೋಳದಲ್ಲಿ ಗೋಧಿಯ ಅಂಟು ಇಲ್ಲ, ಕುದಿನೀರೇ ಅದಕ್ಕೆ ಜಿಗುಟು ಕೊಡಬೇಕು. ಹಿಟ್ಟಿನ ನಡುವೆ ಗುಳಿ ಮಾಡಿ ಕುದಿಯುವ ನೀರು ಹೊಯ್ದು, ಚಮಚದಲ್ಲಿ ತಿರುವಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ಅಂಗೈಯ ಬುಡದಿಂದ ನಾದಬೇಕು. ಒಂದೊಂದು ರೊಟ್ಟಿಗೆ ಬೇಕಾದಷ್ಟು ಹಿಟ್ಟನ್ನು ಬಡಿಯುವ ಮುಂಚೆ ಮತ್ತೊಮ್ಮೆ ನಾದಬೇಕು. ನಾನು ಅವಸರಪಟ್ಟು ಬಿಟ್ಟದ್ದು ಈ ಎರಡನೆಯ ನಾದುವಿಕೆಯನ್ನೇ, ಅಂಚು ಬಿರಿದದ್ದೂ ಅದಕ್ಕೇ. ಬಡಿಯುವಾಗ ಕೈ ಒಂದು ಕಡೆ ಬಿದ್ದರೆ ರೊಟ್ಟಿ ಇನ್ನೊಂದು ಕಡೆ ತಾನೇ ತಿರುಗುತ್ತದೆ. ಅದು ತಿರುಗದೆ ಅಂಟಿಕೊಂಡರೆ ಕೆಳಗೆ ಹಿಟ್ಟು ಸಾಲದು ಎಂದರ್ಥ. ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ಆ ನೀರು ಆರುವ ಹೊತ್ತಿಗೆ ಸರಿಯಾಗಿ ಮಗುಚಬೇಕು. ತಡವಾದರೆ ಸೀಳುತ್ತದೆ. ನನ್ನ ಮೊದಲ ರೊಟ್ಟಿ ಉಬ್ಬಿದ್ದು ಹತ್ತೊಂಬತ್ತನೆಯ ದಿನ. ಯಜಮಾನರನ್ನು ಪೂಜೆಯ ಮಧ್ಯದಿಂದ ಎಬ್ಬಿಸಿ ತೋರಿಸಿದೆ.

ಇಷ್ಟು ಕಷ್ಟಪಟ್ಟು ಕಲಿತ ರೊಟ್ಟಿ ತಿಂದರೆ ಮುದ್ದೆಗಿಂತ ಜೋರಾಗಿ ಹೊಟ್ಟೆ ಕೆಡುತ್ತಿತ್ತು. ಜೋಳ ಉಷ್ಣ ಎಂದರು ಅತ್ತೆ. ಮೈಸೂರಿನವರಿಗೆ ಜೋಳ ಒಗ್ಗದು ಎಂದರು ನಾದಿನಿ. ನಾನೂ ನಂಬಿದೆ. ಪೊಟ್ಟಣ ಮೊದಲು, ಅಕ್ಕಿ ಎರಡು, ರಾಗಿ ಮೂರು, ಜೋಳ ಕೊನೆ ಎಂದು ಮನಸ್ಸಿನಲ್ಲಿ ಬರೆದುಕೊಂಡೆ.

ಆರು ತಿಂಗಳಿಗೆ ಮತ್ತೆ ರಕ್ತಪರೀಕ್ಷೆ. ಟಿಟಿಜಿ ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಕದ್ದು ತಿನ್ನುತ್ತೀರಾ ಎಂದು ವೈದ್ಯರು ಕೇಳಲಿಲ್ಲ, ಅದಕ್ಕೆ ಅವರಿಗೆ ಋಣಿ. "ಹಿಟ್ಟು ಎಲ್ಲಿ ಬೀಸಿಸುತ್ತೀರಿ? ಒಗ್ಗರಣೆಗೆ ಯಾವ ಇಂಗು?" ಎಂದು ಎರಡೇ ಪ್ರಶ್ನೆ ಕೇಳಿದರು.

ಅದೇ ಸಂಜೆ ಗಿರಣಿಗೆ ಹೋಗಿ ನಿಂತು ನೋಡಿದೆ. ನನಗಿಂತ ಮುಂದೆ ಒಬ್ಬರ ಹತ್ತು ಕೆ.ಜಿ. ಗೋಧಿ. ಅದು ಮುಗಿದ ಕೂಡಲೇ ನನ್ನ ಜೋಳ ಸುರಿದರು. ಡಬ್ಬಿಗೆ ಮೊದಲು ಬಿದ್ದ ಹಿಟ್ಟು ಯಾರದ್ದು ಎಂದು ಕಣ್ಣಿಗೇ ಕಾಣುತ್ತಿತ್ತು. ಕೊನೆಯಲ್ಲಿ ಗಿರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ಕೊಳವೆಗೆ ಗಿರಣಿಯವನು ಕೋಲಿನಿಂದ ಪಟಪಟನೆ ಬಡಿದ. ಗಿರಾಕಿಯ ಹಿಟ್ಟು ಒಂದು ಹಿಡಿಯೂ ನಷ್ಟವಾಗಬಾರದೆಂಬ ಅವನ ಪ್ರಾಮಾಣಿಕತೆ ಅದು. ಇಪ್ಪತ್ತು ವರ್ಷದಿಂದ ಹಾಗೆ ಬಡಿದು ಕೊಡುತ್ತಿದ್ದಾನೆ. ಇಡೀ ಬಡಾವಣೆಯ ಗೋಧಿಯ ಧೂಳು ನನ್ನ ಜೋಳಕ್ಕೂ ರಾಗಿಗೂ ಉದುರುತ್ತಿತ್ತು. ಅಕ್ಕಿ ಹಿಟ್ಟನ್ನು ಮಾತ್ರ ನಾನು ಅಂಗಡಿಯ ಪೊಟ್ಟಣದಲ್ಲಿ ತರುತ್ತಿದ್ದೆ. ಹೊಟ್ಟೆ ಸುಮ್ಮನಿದ್ದ ದಿನಗಳಿಗೂ ಕೆಟ್ಟ ದಿನಗಳಿಗೂ ಕಾರಣ ಧಾನ್ಯವಲ್ಲ, ಗಿರಣಿ.

ಇಂಗಿನ ಡಬ್ಬಿಯ ಹಿಂಭಾಗ ಓದಿದ್ದೂ ಆವತ್ತೇ, ಭೂತಗನ್ನಡಿ ಹಿಡಿದು. ನಾವು ಕೊಳ್ಳುವ ಪುಡಿ ಇಂಗು ಅಪ್ಪಟ ಇಂಗಲ್ಲ, ಘಾಟು ತಗ್ಗಿಸಲು ಹಿಟ್ಟು ಮತ್ತು ಗೋಂದು ಬೆರೆಸಿದ್ದು. ಆ ಹಿಟ್ಟು ಬಹಳ ಸಲ ಗೋಧಿಯದು ಅಥವಾ ಮೈದಾ. ಸಾರು, ಹುಳಿ, ಉಪ್ಪಿನಕಾಯಿ, ಕೋಸಂಬರಿಯ ಒಗ್ಗರಣೆ, ಎಲ್ಲದರಲ್ಲೂ ನಾನು ಚಿಟಿಕೆ ಚಿಟಿಕೆಯಾಗಿ ಗೋಧಿ ತಿನ್ನುತ್ತಿದ್ದೆ! ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ, ಹುಡುಕಬೇಕು. ಓದುವ ಚಟ ಹತ್ತಿದ ಮೇಲೆ ಇನ್ನಷ್ಟು ಹೊರಬಿದ್ದವು: ರಾಗಿ ಬಿಸ್ಕತ್ತಿನ ಮೊದಲ ಪದಾರ್ಥ ಗೋಧಿ ಹಿಟ್ಟು, ಹಾಲಿಗೆ ಬೆರೆಸುವ ಮಾಲ್ಟ್ ಪುಡಿಯಲ್ಲಿ ಬಾರ್ಲಿ, ಸೋಯಾ ಸಾಸಿನಲ್ಲಿ ಗೋಧಿ. ಹಳೆಯ ಕಾಲದ್ದು, ಒಳ್ಳೆಯದು ಎಂದು ಬಂಧುಗಳು ತಂದುಕೊಟ್ಟ ಜವೆ ಗೋಧಿಯೂ ಗೋಧಿಯೇ, ಸೀಲಿಯಾಕ್ ಇರುವವರಿಗೆ ಅದರಲ್ಲಿ ಯಾವ ರಿಯಾಯಿತಿಯೂ ಇಲ್ಲ.

ಎರಡನೆಯ ಸುತ್ತಿಗೆ ಮೊದಲು ಮನೆಯಲ್ಲೇ ಇಡುವ ಸಣ್ಣ ಗಿರಣಿ ಕೊಂಡೆವು. ದೊಡ್ಡ ಖರ್ಚು, ಸುಳ್ಳು ಹೇಳುವುದಿಲ್ಲ. ಭಾವನವರು ತಮ್ಮ ಹಳೆಯದನ್ನು ಕೊಡುತ್ತೇನೆಂದರು. ಅದರಲ್ಲಿ ಹತ್ತು ವರ್ಷ ಗೋಧಿ ಬೀಸಿದ್ದರಲ್ಲ, ಕೈಮುಗಿದೆ. ಬಿಡಿಯಾಗಿ ತಂದ ಜೋಳ, ರಾಗಿಯನ್ನು ಆರಿಸಿ, ತೊಳೆದು, ತಾರಸಿಯಲ್ಲಿ ಒಣಗಿಸಿ ಬೀಸತೊಡಗಿದೆ. ಹೊಸ ಹಂಚು ಬಂತು. ಗೋಧಿ ಬೇಕೆಂದರೆ ಹೊರಗೆ ತಿನ್ನುತ್ತೇನೆ, ಮನೆಯೊಳಗೆ ಬೇಡ ಎಂದರು ಯಜಮಾನರು. ಈಗ ಅಕ್ಕನ ಮನೆಗೆ ಅವರ ಭೇಟಿ ಹೆಚ್ಚಿದೆ.

ಈ ಸುತ್ತಿನಲ್ಲಿ ಜೋಳ ಕೊನೆಯಿಂದ ಮೊದಲಕ್ಕೆ ಬಂತು. ಹೊಟ್ಟೆ ತಕರಾರು ತೆಗೆಯಲಿಲ್ಲ. ಹಸಿವು ಬೆಳಗಿನವರೆಗೂ ಸುಳಿಯುವುದಿಲ್ಲ, ಯಾವ ಪಲ್ಯಕ್ಕಾದರೂ ಹೊಂದುತ್ತದೆ, ಯಜಮಾನರಿಗೂ ಆಗುತ್ತದೆ. ಮನೆಯಲ್ಲೇ ಬೀಸುವುದರ ಇನ್ನೊಂದು ಲಾಭ: ಹಿಟ್ಟು ತಾಜಾ. ಹಳೆಯ ಹಿಟ್ಟಿಗೆ ಜಿಗುಟು ಹೋಗಿ ರೊಟ್ಟಿ ಹರಿಯುತ್ತದೆ. ನಾನು ಎರಡು ವಾರಕ್ಕೆ ಆಗುವಷ್ಟೇ ಬೀಸುತ್ತೇನೆ. ರಾಗಿ ಎರಡನೆಯದು, ವಾರಕ್ಕೆರಡು ರಾತ್ರಿ. ಅಕ್ಕಿ ರೊಟ್ಟಿ ಭಾನುವಾರದ ಗದ್ದುಗೆಯನ್ನು ಬಿಟ್ಟುಕೊಟ್ಟಿಲ್ಲ. ಪೊಟ್ಟಣದ ಹಿಟ್ಟು ಕೊನೆಗಿಳಿಯಿತು, ಆದರೂ ಒಂದನ್ನು ಕಪಾಟಿನಲ್ಲಿ ಇಟ್ಟಿರುತ್ತೇನೆ. ಅದರ ಮೇಲಿರುವ ಗ್ಲುಟೆನ್‌ರಹಿತ ಎಂಬ ಮಾತಿಗೆ ಕಾನೂನಿನ ಬಲವಿದೆ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಕೆ.ಜಿ.ಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರುವಂತಿಲ್ಲ. ಮಗಳ ಮನೆಗೆ ಹೋದಾಗ, ಅವಳ ಅಡುಗೆಮನೆಯ ಹಿಟ್ಟು ಎಲ್ಲಿಂದ ಬಂತೆಂದು ವಿಚಾರಣೆ ನಡೆಸುವ ಬದಲು ನನ್ನ ಪೊಟ್ಟಣ ಬಿಚ್ಚುತ್ತೇನೆ.

ಪ್ರಯಾಣಕ್ಕೆ, ಮದುವೆಗೆ ಖಡಕ್ ರೊಟ್ಟಿಯ ಸಮ ಇನ್ನೊಂದಿಲ್ಲ. ವಾರಗಟ್ಟಲೆ ಕೆಡುವುದಿಲ್ಲ. ಕೊಳ್ಳುವುದಾದರೆ ಕೇಳಿ ಕೊಳ್ಳಿ. ನಾನು ವಿಚಾರಿಸಿದ ಒಂದು ಕಡೆ, ಮುರಿಯದಿರಲೆಂದು ಸ್ವಲ್ಪ ಗೋಧಿ ಹಿಟ್ಟು ಸೇರಿಸುತ್ತೇವೆ ಎಂದು ಹೆಮ್ಮೆಯಿಂದಲೇ ಹೇಳಿದರು. ಮದುವೆಯ ಎಲೆಯಲ್ಲಿ ನನಗೆ ದಕ್ಕುವುದು ಅನ್ನ, ತುಪ್ಪ, ಮೊಸರು. ಹೋಳಿಗೆಯ ಕಣಕ, ಚಿರೋಟಿ, ಇಂಗಿನ ಸಾರು ಎಲ್ಲ ಗಡಿಯಾಚೆ. ಕಳೆದ ತಿಂಗಳು ಎಲೆಯ ತುದಿಗೆ ನನ್ನ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇಟ್ಟುಕೊಂಡಾಗ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ದಿಟ್ಟಿಸಿ ನೋಡಿ, "ಇದು ಎಷ್ಟನೆಯ ಪಂಕ್ತಿಯಲ್ಲಿ ಬಡಿಸಿದ್ದು ತಾಯಿ, ನಮಗೆ ಬರಲೇ ಇಲ್ಲವಲ್ಲ" ಎಂದರು. ಎರಡು ಮುರಿದು ಕೊಟ್ಟೆ.