ಬಾಯ್ಲರ್ ನೀರಿಗೆ ಸಾಫ್ಟ್‌ನರ್: ಹಾಸನದ ಲಾಂಡ್ರಿಯಲ್ಲಿ ದೀರ್ಘ ಬಳಕೆಯ ನಂತರ

ಹಾಸನದ ಹೊರವಲಯದಲ್ಲಿರುವ ನಮ್ಮ ಲಾಂಡ್ರಿಯ ಸಣ್ಣ ಬಾಯ್ಲರ್‌ಗೆ ಕೊಳವೆಬಾವಿಯ ನೀರೇ ಗತಿ. ಆ ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂಗಳು ಕೊಳವೆಗಳೊಳಗೆ ಗಟ್ಟಿ ಪದರವಾಗಿ ಕೂತು, ಶಾಖ ನೀರಿಗೆ ತಲುಪದೆ ಸೌದೆಯ ಖರ್ಚು ಏರುತ್ತಿದ್ದುದರಿಂದ ರೆಸಿನ್ ಎಂಬ ಸಣ್ಣ ಮಣಿಗಳಲ್ಲಿ ಅವನ್ನು ಹಿಡಿದಿಟ್ಟು, ಬದಲಿಗೆ ಸೋಡಿಯಂ ಬಿಟ್ಟು ನೀರನ್ನು ಮೆದುಗೊಳಿಸುವ ಅಯಾನು ವಿನಿಮಯದ ಸಾಫ್ಟ್‌ನರ್ ಹಾಕಿಸಿದೆವು. ಟ್ಯಾಂಕಿನ ಅಳತೆ, ವಾಲ್ವಿನ ಬಗೆ ಕರಪತ್ರದಲ್ಲೇ ಇರುತ್ತವೆ; ಇಲ್ಲಿ ಹೇಳುವುದು ಬಳಕೆಯ ಅನುಭವ.

ನನಗೆ ಇದರಲ್ಲಿ ಬಹಳ ಇಷ್ಟವಾದದ್ದು ಬೆಳಗಿನ ಪರೀಕ್ಷೆ. ಬಾಯ್ಲರ್ ಹೊತ್ತಿಸುವ ಮೊದಲು ಸಾಫ್ಟ್‌ನರ್‌ನಿಂದ ಬಂದ ನೀರನ್ನು ಗಾಜಿನ ಸೀಸೆಯಲ್ಲಿ ಹಿಡಿದು, ಆಮ್ಲ-ಕ್ಷಾರದ ಮಟ್ಟವನ್ನು ಸ್ಥಿರವಾಗಿಡುವ ಬಫರ್ ದ್ರಾವಣ ಬೆರೆಸಿ, ಬಣ್ಣದಿಂದ ಸೂಚನೆ ಕೊಡುವ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಪುಡಿಯನ್ನು ಚಿಟಿಕೆಯಷ್ಟು ಉದುರಿಸುತ್ತೇನೆ. ನೀರು ಅಚ್ಚ ನೀಲಿಗೆ ತಿರುಗಿದರೆ ಗಡಸುತನವಿಲ್ಲ, ಅಂದರೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಉಳಿದಿಲ್ಲ. ದ್ರಾಕ್ಷಾರಸದಂಥ ಕೆಂಪು ಬಂದರೆ ರೆಸಿನ್‌ನ ಶಕ್ತಿ ಮುಗಿದಿದೆ ಎಂದರ್ಥ. ಆಗ ಕೆಳಗಿನಿಂದ ಮೇಲಕ್ಕೆ ನೀರು ಹರಿಸಿ ಕೊಳೆ ಹೊರಹಾಕಿ, ಸುಮಾರು ಶೇ 10ರ ಉಪ್ಪುನೀರನ್ನು ನಿಧಾನವಾಗಿ ಇಳಿಸಿದರೆ, ರೆಸಿನ್ ಮಣಿಗಳು ಹಿಡಿದಿಟ್ಟ ಕ್ಯಾಲ್ಸಿಯಂ ಬಿಟ್ಟುಕೊಟ್ಟು ಸೋಡಿಯಂ ತುಂಬಿಕೊಳ್ಳುತ್ತವೆ. ಮಣ್ಣು ಬೆರೆತ ಅಗ್ಗದ ಕಲ್ಲುಪ್ಪು ಉಪ್ಪಿನ ತೊಟ್ಟಿಯ ತಳದಲ್ಲಿ ಕೆಸರು ಕಟ್ಟುವುದರಿಂದ, ಉಪ್ಪಿನಲ್ಲಿ ಉಳಿತಾಯ ನೋಡುವುದು ಬೇಡ.

ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣಾಂಶ) ಇಳಿಯಲಿಲ್ಲ ಎಂದು ಕೆಲವರು ದೂರುತ್ತಾರೆ. ಇಳಿಯಬೇಕಾಗಿಯೂ ಇಲ್ಲ: ಇಲ್ಲಿ ಒಂದು ಲವಣದ ಜಾಗಕ್ಕೆ ಇನ್ನೊಂದು ಬರುತ್ತದೆಯೇ ಹೊರತು ಲವಣ ಹೋಗುವುದಿಲ್ಲ, ಸಿಲಿಕಾ ಕೂಡ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಬ್ಲೋಡೌನ್, ಅಂದರೆ ಲವಣ ಹೆಚ್ಚಾದ ಬಾಯ್ಲರ್ ನೀರನ್ನು ಆಗಾಗ ಹೊರಬಿಡುವುದು, ತಪ್ಪಿಸುವಂತಿಲ್ಲ. ವಿದ್ಯುತ್ ಸ್ಥಾವರದಂಥ ಹೆಚ್ಚು ಒತ್ತಡದ ಬಾಯ್ಲರ್‌ಗಳಿಗೆ ಲವಣವನ್ನೇ ತೆಗೆಯಲು, ಒಂದು ಆಮ್ಲದಿಂದ ಇನ್ನೊಂದು ಕ್ಷಾರದಿಂದ ಪುನಶ್ಚೇತನಗೊಳ್ಳುವ ಎರಡು ಬಗೆಯ ರೆಸಿನ್ ಬೇಕು. ಅದು ನಮ್ಮ ಬಜೆಟ್ಟಿಗೆ ದೂರ, ನಮ್ಮ ಕೆಲಸಕ್ಕೆ ಅನಗತ್ಯ.

ನನ್ನ ಅಸಮಾಧಾನ ಕಬ್ಬಿಣದ ವಿಷಯದಲ್ಲಿ. ಮಾರಿದವರು ಗಡಸುತನವನ್ನಷ್ಟೇ ಅಳೆದು ಯಂತ್ರ ಕೊಟ್ಟರು. ಕೊಳವೆಬಾವಿಯಿಂದ ತಿಳಿಯಾಗಿಯೇ ಬರುವ ಕರಗಿದ ಕಬ್ಬಿಣ ರೆಸಿನ್ ಸೇರಿ, ಆಮ್ಲಜನಕ ತಾಗಿ ತುಕ್ಕಾಗಿ ಅಂಟಿಕೊಂಡಿತು. ಅದನ್ನು ಬರೀ ಉಪ್ಪು ಬಿಡಿಸಲಾರದು. ಮಣಿಗಳು ಕೆಂಗಂದು ಬಣ್ಣಕ್ಕೆ ತಿರುಗಿದವು, ಅಷ್ಟೇ ಉಪ್ಪಿಗೆ ಸಿಗುವ ಮೆದು ನೀರು ಕಡಿಮೆಯಾಗುತ್ತ ಹೋಯಿತು. ಸಿಟ್ರಿಕ್ ಆಮ್ಲದಿಂದ ತೊಳೆದಾಗ ಒಂದಿಷ್ಟು ಚೇತರಿಕೆ ಕಂಡಿತಾದರೂ, ಗಾಳಿಯಾಡಿಸುವ ತೊಟ್ಟಿ ಮತ್ತು ಕಬ್ಬಿಣದ ಫಿಲ್ಟರನ್ನು ಸಾಫ್ಟ್‌ನರ್‌ಗೂ ಮುಂಚೆ ಕೂರಿಸಿದ ಮೇಲೆಯೇ ಸಮಸ್ಯೆ ಹತೋಟಿಗೆ ಬಂತು. ಮೊದಲೇ ಹೇಳಿದ್ದರೆ ರೆಸಿನ್ ಉಳಿಯುತ್ತಿತ್ತು.

ಈಗ ಯಂತ್ರದ ಮೇಲೆ ನನಗೆ ದೂರಿಲ್ಲ. ಬಾಯ್ಲರ್ ತೆರೆದಾಗ ಕೊಳವೆಗಳು ಚೊಕ್ಕಟವಾಗಿವೆ. ಕೊಳ್ಳುವವರು ನೀರಿನ ವರದಿಯಲ್ಲಿ ಕಬ್ಬಿಣದ ಅಂಕಿ ಇಲ್ಲದಿದ್ದರೆ ಮುಂಗಡ ಕೊಡಬೇಡಿ.